ಗುಣವತಿ ಟೀಚರ ಗಂಟಲು

ನನ್ನ ಹೆಂಡತಿ ಗುಣವತಿ ಒಂದನೇ ಕ್ಲಾಸು ಪಾಸಾಗಲೇ ಇಲ್ಲ. ಇಪ್ಪತ್ತೇಳು ವರ್ಷಗಳಿಂದ ಅಲ್ಲೇ ಇದ್ದಾಳೆ. ಬಸ್ಸಿನಲ್ಲಿ ಯಾರಾದರೂ "ಟೀಚರ್ ಹೇಗಿದ್ದಾರೆ ಮಾರಾಯ್ರೆ?" ಎಂದು ಕೇಳಿದರೆ ನಾನು ಹೀಗೆಯೇ ಹೇಳುತ್ತಿದ್ದೆ. ಅವರು ನಗುತ್ತಿದ್ದರು, ನಾನು ಟಿಕೆಟ್ ಕೊಟ್ಟು ಹಿಂದಿನ ಸೀಟಿಗೆ ಹೋಗುತ್ತಿದ್ದೆ. ಈಗ ಆ ತಮಾಷೆಯನ್ನು ಬಿಟ್ಟುಬಿಟ್ಟಿದ್ದೇನೆ.

ನನ್ನ ಹೆಸರು ಸರ್ವೋತ್ತಮ. ಮನೆ ಕಾಪುವಿನಲ್ಲಿ. ಉಡುಪಿಯಿಂದ ಕಾರ್ಕಳಕ್ಕೆ ಓಡುವ ಪ್ರೈವೇಟ್ ಬಸ್ಸೊಂದರಲ್ಲಿ ಕಂಡಕ್ಟರ್. ಬೆಳಗ್ಗೆ ಬಾಗಿಲಲ್ಲಿ ನಿಂತು "ಮಣಿಪಾಲ, ಪರ್ಕಳ, ಹಿರಿಯಡ್ಕ, ಕಾರ್ಕಳಾ..." ಎಂದು ಶುರು ಮಾಡಿದರೆ ದೀಪ ಹಚ್ಚುವ ಹೊತ್ತಿನವರೆಗೆ ಬಾಯಿ ಮುಚ್ಚುವ ಹಾಗಿಲ್ಲ. ಬೊಬ್ಬೆ ಹೊಡೆಯುವುದೇ ನನ್ನ ಉದ್ಯೋಗ. ಅವಳದ್ದೂ ಅದೇ. ಆದರೆ ನನ್ನ ಗಂಟಲಿಗೆ ಇವತ್ತಿನವರೆಗೆ ಎಂತದ್ದೂ ಆಗಿಲ್ಲ, ಅವಳದ್ದು ಹೋಯಿತು. ದೇವರಿಗೆ ಕಣ್ಣಿಲ್ಲ ಬಿಡಿ.

ಅವಳು ಎಲ್ಲೂರಿನ ಹುಡುಗಿ. ನೋಡಲು ಹೋದ ದಿನ ಚಹಾ ತಂದಿಟ್ಟು ಒಳಗೆ ಹೋಗಲಿಲ್ಲ, ಜಗಲಿಯಲ್ಲಿ ಎದುರೇ ಕುಳಿತು ನನ್ನ ಬಸ್ಸು ಎಷ್ಟು ಗಂಟೆಗೆ ಎಲ್ಲಿರುತ್ತದೆ, ಸೀಟಿಲ್ಲದ ಮುದುಕಿಯರನ್ನು ನಾನು ಎಲ್ಲಿ ಕೂರಿಸುತ್ತೇನೆ ಎಂದೆಲ್ಲ ವಿಚಾರಿಸಿದಳು. ಆ ಸ್ವರಕ್ಕೆ ನಾನು ಬಿದ್ದೆ, ಮುಖ ಆಮೇಲೆ ನೋಡಿದ್ದು. ಮದುವೆಯಾದ ಮರುವರ್ಷ ಅವಳಿಗೆ ಎರ್ಮಾಳಿನ ಸರ್ಕಾರಿ ಶಾಲೆಗೆ ಆರ್ಡರ್ ಬಂತು. ಒಂದು ಬದಿಗೆ ಹೈವೇ, ಇನ್ನೊಂದು ಬದಿಗೆ ಕಡಲು, ನಡುವೆ ಶಾಲೆ. ಆಗಿನ ಹೆಡ್ ಮಾಷ್ಟ್ರು, "ಈ ಒಂದು ವರ್ಷ ಒಂದನೇ ಕ್ಲಾಸು ಸುಧಾರಿಸಿ ಟೀಚರೇ, ಬರುವ ವರ್ಷ ಬದಲಿಸುವ" ಎಂದರು. ಬರುವ ವರ್ಷ ಅವರಿಗೇ ವರ್ಗವಾಯಿತು. ಮತ್ತೆ ಬಂದವರು, "ಒಂದನೇ ಕ್ಲಾಸಿಗೆ ನಿಮ್ಮ ಹಾಗೆ ಯಾರೂ ಇಲ್ಲ" ಎಂದರು. ಅವರ ನಂತರದವರೂ ಅದನ್ನೇ ಹೇಳಿದರು. ಹೊಗಳಿ ಹೊಗಳಿ ಅಟ್ಟ ಹತ್ತಿಸಿ ಏಣಿ ತೆಗೆದುಬಿಟ್ಟರು.

ಒಂದನೇ ಕ್ಲಾಸು ಅಂದರೆ ಜನ ಹಗುರ ಮಾಡುತ್ತಾರೆ. "ಅ ಆ ಇ ಈ ಅಲ್ವಾ, ಅದರಲ್ಲಿ ಎಂತ ಉಂಟು?" ಎಂತ ಉಂಟು ಎಂದು ಕೇಳುವವರನ್ನು ಜೂನ್ ತಿಂಗಳಲ್ಲಿ ಆ ಕೋಣೆಯೊಳಗೆ ಹಾಕಿ ಚಿಲಕ ಹಾಕಬೇಕು. ಅಲ್ಲಿಗೆ ಬರುವ ಮಗುವಿಗೆ ಸಾಲಿನಲ್ಲಿ ನಿಲ್ಲುವುದು ಗೊತ್ತಿಲ್ಲ, ಹೆಸರು ಕರೆದರೆ ತಿರುಗಬೇಕೆಂದು ಗೊತ್ತಿಲ್ಲ, ಉಚ್ಚೆ ಬಂದರೆ ಹೇಳಬೇಕೆಂದು ಗೊತ್ತಿಲ್ಲ. ಒಂದು ಅಳಲು ಶುರು ಮಾಡಿದರೆ ಉಳಿದವಕ್ಕೂ ಅಮ್ಮನ ನೆನಪಾಗುತ್ತದೆ. ಗುಣವತಿ ಕೋಲು ಹಿಡಿದವಳಲ್ಲ. ಹಾಗಾಗಿ ಎಲ್ಲದಕ್ಕೂ ಸ್ವರವೇ ಬೇಕು. ಮಳೆ ಜಗಲಿಯ ತಗಡಿಗೆ ಹೊಡೆಯುವಾಗ ಅದರ ಮೇಲೆ ಕೂಗಬೇಕು. ಹೈವೇಯಲ್ಲಿ ಲಾರಿ ಹಾರ್ನ್ ಹೊಡೆದರೆ ಅದರ ಮೇಲೂ ಕೂಗಬೇಕು. ಮಕ್ಕಳು ನವೆಂಬರಿನ ಹೊತ್ತಿಗೆ ಮನುಷ್ಯರಾಗುತ್ತಾರೆ, ಮಾರ್ಚಿನಲ್ಲಿ ಎರಡನೇ ಕ್ಲಾಸಿಗೆ ಹೋಗುತ್ತಾರೆ, ಜೂನಿನಲ್ಲಿ ಮತ್ತೆ ಮೊದಲಿನಿಂದ.

ಸಂಜೆ ಮನೆಗೆ ಬಂದರೆ ಅವಳಲ್ಲಿ ಮಾತು ಉಳಿದಿರುತ್ತಿರಲಿಲ್ಲ. ನನ್ನಲ್ಲೂ ಇರುತ್ತಿರಲಿಲ್ಲ ಅನ್ನಿ. ಇಬ್ಬರೂ ಊಟಕ್ಕೆ ಕೂತರೆ ಗಂಜಿ ಸುರಿಯುವ ಶಬ್ದ ಮಾತ್ರ. "ಉಪ್ಪು?" ಎಂದು ನಾನು, "ಉಂಟು" ಎಂದು ಅವಳು. ಊರಿಗೆಲ್ಲ ಹಂಚಿ ಉಳಿದ ತಳದ ಗಂಜಿ ನನ್ನ ಪಾಲಿಗೆ. ನನಗೆ ಬೇಸರವಿರಲಿಲ್ಲ ಎಂದು ಹೇಳಿದರೆ ಅದು ಸುಳ್ಳು. ರಿಟೈರ್ ಆದ ಮೇಲಾದರೂ ಇವಳು ಎಲ್ಲೂರಿನ ಆ ಜಗಲಿಯಲ್ಲಿ ಮಾತಾಡಿದ ಹಾಗೆ ನನ್ನ ಎದುರು ಕೂತು ಮಾತಾಡುತ್ತಾಳೆ ಎಂದು ಕಾದುಕೊಂಡಿದ್ದೆ.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಅವಳ ಸ್ವರ ಒಡೆಯಲು ಶುರುವಾಯಿತು. "ಶೀತ" ಎಂದಳು. ಕಾಳುಮೆಣಸಿನ ಕಷಾಯ ಕುಡಿದಳು, ಉಪ್ಪುನೀರು ಮುಕ್ಕಳಿಸಿದಳು, ಯಾರೋ ಹೇಳಿದರೆಂದು ಜೇನುತುಪ್ಪ ನೆಕ್ಕಿದಳು. ಎಪ್ರಿಲಿಗೆ ಬರುವಾಗ ಪಕ್ಕದ ಕೋಣೆಯಿಂದ ನನ್ನನ್ನು ಕರೆದದ್ದು ನನಗೆ ಕೇಳುತ್ತಿರಲಿಲ್ಲ. ಮೇ ತಿಂಗಳಲ್ಲಿ ನಾನು ಜಗಳ ಮಾಡಿ ಮಣಿಪಾಲಕ್ಕೆ ಕರೆದುಕೊಂಡು ಹೋದೆ.

ಗಂಟಲಿನ ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಬಾಯಿಯೊಳಗೆ ನಳಿಗೆ ಇಳಿಸಿ ಟಿವಿಯಲ್ಲಿ ತೋರಿಸಿದರು. ಸ್ವರದ ತಂತಿಗಳ ಮೇಲೆ ಎರಡು ಗಂಟುಗಳು ಎದ್ದಿದ್ದವು. "ಇದು ಟೀಚರುಗಳಿಗೆ ಬರ್ತದೆ, ಯಕ್ಷಗಾನದ ಭಾಗವತರಿಗೆ ಬರ್ತದೆ, ಬಸ್ಸಿನ ಕಂಡಕ್ಟರುಗಳಿಗೂ ಬರ್ತದೆ" ಎಂದರು. ನಾನು ನನ್ನ ಕಾಕಿ ಅಂಗಿಯನ್ನು ನೋಡಿಕೊಂಡೆ. "ಆರು ವಾರ ಬಾಯಿ ಬಿಡಬಾರದು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಶಾಲೆಗೆ ರಜೆ ಹಾಕಿ. ಇಲ್ಲದಿದ್ದರೆ ಆಪರೇಷನ್ ಮಾಡಬೇಕಾಗ್ತದೆ, ಆಮೇಲೆ ಸ್ವರ ಹೇಗೆ ಬರ್ತದೆ ಅಂತ ನಾನು ಗ್ಯಾರಂಟಿ ಕೊಡುವುದಿಲ್ಲ."

ಗುಣವತಿ ತಲೆಯಾಡಿಸಿದಳು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ನನ್ನ ತೋಳು ಹಿಡಿದು, "ಸ್ವಾಗತದ ದಿನ ಒಂದು ಮುಗಿಯಲಿ" ಎಂದು ಉಸಿರಿನಲ್ಲೇ ಹೇಳಿದಳು.

ನನಗೆ ಪಿತ್ತ ನೆತ್ತಿಗೇರಿತು. "ಎಂತ ಮಾರಾಯ್ತಿ, ಈಗಷ್ಟೇ ಹೇಳಿದ್ದಲ್ವಾ ಅವರು? ನಿನಗೆ ಹೇಳುವುದೂ ಒಂದೇ, ಕಲ್ಲಿಗೆ ನೀರು ಹೊಯ್ಯುವುದೂ ಒಂದೇ!" ಮೆಟ್ಟಿಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

ಸ್ವಾಗತದ ದಿನ ಎಂದರೆ ಏನೆಂದು ಹೇಳಿಬಿಡುತ್ತೇನೆ. ನಮ್ಮ ಕಡಲ ಬದಿಯಲ್ಲಿ ಜೂನ್, ಜುಲೈ ಎಂದರೆ ಬೋಟುಗಳಿಗೆ ರಜೆ. ಮೀನಿಗೆ ಹೋಗುವ ಗಂಡಸರು ಮನೆಯಲ್ಲಿರುತ್ತಾರೆ, ಬಲೆ ಹೊಲಿಯುತ್ತಾರೆ, ಹೆಂಡತಿಯರ ಕೈಯಲ್ಲಿ ಬೈಸಿಕೊಳ್ಳುತ್ತಾರೆ. ಆಗಸ್ಟ್ ಬಂದರೆ ಮುಗಿಯಿತು, ಅಪ್ಪನ ಮುಖವನ್ನು ಮಗುವೇ ಸರಿಯಾಗಿ ನೋಡುವುದಿಲ್ಲ, ಇನ್ನು ಟೀಚರು ಎಲ್ಲಿಂದ ನೋಡುವುದು? ಅದಕ್ಕೆ ಗುಣವತಿ ಜೂನಿನಲ್ಲಿ ಒಂದು ದಿನ ಒಂದನೇ ಕ್ಲಾಸಿನ ಅಪ್ಪ ಅಮ್ಮಂದಿರನ್ನೆಲ್ಲ ಕರೆಸುತ್ತಾಳೆ. ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಿ, ಅವರ ಜಾಗದಲ್ಲಿ ಇವರನ್ನು ಕೂರಿಸುತ್ತಾಳೆ. ಅವತ್ತು ಬೆಳಗ್ಗಿನಿಂದ ಊಟದವರೆಗೆ ಅಪ್ಪ ಅಮ್ಮಂದಿರೇ ಒಂದನೇ ಕ್ಲಾಸು. ಚಪ್ಪಲಿ ಇಡುವುದರಿಂದ ಕೈ ತೊಳೆಯುವವರೆಗೆ ಮಗು ಏನೇನು ಮಾಡಬೇಕೋ ಅದನ್ನೆಲ್ಲ ಅವರು ಮಾಡಬೇಕು. ಬೇರೆ ಯಾವ ಶಾಲೆಯಲ್ಲೂ ನಾನು ಇದನ್ನು ಕೇಳಿಲ್ಲ. ಆ ದಿನವನ್ನು ಬೇರೆಯವರ ಕೈಗೆ ಕೊಡಲು ಅವಳು ಸುತರಾಂ ಒಪ್ಪಲಿಲ್ಲ.

ಕೊನೆಗೆ ರಾಜಿಯಾಯಿತು. ಆ ಒಂದು ದಿನ ಅವಳು ಕೈಸನ್ನೆ ಮಾಡುವುದು, ತೀರಾ ಬೇಕಾದರೆ ನನ್ನ ಕಿವಿಯಲ್ಲಿ ಹೇಳುವುದು. ನಾನು ಬಸ್ಸಿಗೆ ರಜೆ ಹಾಕಿ ಅವಳ ಬದಲಿಗೆ ಬೊಬ್ಬೆ ಹೊಡೆಯುವುದು. ಮರುದಿನದಿಂದ ಅವಳು ರಜೆ. ಕ್ಲಾಸನ್ನು ಮಟ್ಟುವಿನಿಂದ ಬರುವ ಅತಿಥಿ ಶಿಕ್ಷಕಿ ಚೈತನ್ಯಾ ನೋಡಿಕೊಳ್ಳುವುದು. ಹೆಡ್ ಮಾಷ್ಟ್ರು ಅಲೆಕ್ಸಾಂಡರ್ ಒಳ್ಳೆಯ ಮನುಷ್ಯ, ಎಲ್ಲದಕ್ಕೂ ಒಪ್ಪಿದರು. ಗುಣವತಿಯದ್ದು ಒಂದೇ ಷರತ್ತು. ಗಂಟಲಿನ ಗಂಟಿನ ವಿಷಯ ಯಾರಿಗೂ ಹೇಳಬಾರದು, ಶೀತ ಎಂದು ಹೇಳಬೇಕು. ಟೀಚರಿಗೆ ಸ್ವರ ಹೋದರೆ ಮತ್ತೆ ಎಂತ ಉಳಿಯಿತು ಎಂದು ಜನ ಅಯ್ಯೋ ಪಾಪ ಅನ್ನುವುದು ಅವಳಿಗೆ ಬೇಡ. "ಆಯಿತು, ದೇವರ ದೀಪದ ಎದುರು ತಲೆಯಾಡಿಸು, ಮರುದಿನದಿಂದ ರಜೆ" ಎಂದೆ. ಆಡಿಸಿದಳು.

ಆ ದಿನ ಮಳೆ ಹಿಡಿದುಕೊಂಡೇ ಇತ್ತು. ಜಗಲಿಯಲ್ಲಿ ಒದ್ದೆ ಕೊಡೆಗಳ ರಾಶಿ. ಚೈತನ್ಯಾ ಟೀಚರು ಗೋಡೆಗೆ ಮಕ್ಕಳ ಹೆಸರಿನ ಚೀಟಿಗಳನ್ನು ಅಂಟಿಸುತ್ತಿದ್ದರು. ಗುಣವತಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈಮುಗಿದಳು. ನಮ್ಮವರು ಊರೆಲ್ಲ ತುಳು ಮಾತಾಡಿಕೊಂಡು ಬರುತ್ತಾರೆ, ಶಾಲೆಯ ಹೊಸ್ತಿಲು ದಾಟಿದ ಕೂಡಲೇ ಬಾಯಲ್ಲಿ ಕನ್ನಡ.

"ಚಪ್ಪಲಿ ಹೊರಗೆ! ಗೋಡೆಗೆ ಮೂಗು ಮಾಡಿ ಇಡಿ! ಕೊಡೆ ಬಕೇಟಿನಲ್ಲಿ! ಒಳಗೆ ಬನ್ನಿ, ಒಳಗೆ ಜಾಗ ಉಂಟು, ಬಾಗಿಲಲ್ಲಿ ನಿಲ್ಲಬೇಡಿ!" ಎಂದು ನಾನು ಶುರು ಮಾಡಿದೆ. ಎಲ್ಲರೂ ನಕ್ಕರು. "ಎಂತ ಸರ್ವೋತ್ತಮಣ್ಣ, ಕಾರ್ಕಳಕ್ಕಾ?" ಎಂದು ರೂಪೇಶ್ ಎಂಬ ಹುಡುಗ ಕೇಳಿದ. ಹುಡುಗ ಎಂದರೆ ಅಪ್ಪನೇ, ಬೋಟಿನಲ್ಲಿ ಕೆಲಸ. ಆರಡಿ ಆಳು ಆ ಮೋಟು ಬೆಂಚಿನಲ್ಲಿ ಕುಳಿತರೆ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು. ಅವನ ಪಕ್ಕದಲ್ಲಿ ಹೆಂಡತಿ ಚಂಪಾ. ಕಾಪು ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು, ಅವಳ ಬಾಯಿಗೆ ನನ್ನದೂ ಸಮವಲ್ಲ. ಇದೇ ಕೋಣೆಯಲ್ಲಿ ಇದೇ ಗುಣವತಿಯ ಕೈಯಲ್ಲಿ ಕಲಿತವಳು. ಈಗ ಅವಳ ಮಗಳು ಧೃತಿ ಒಂದನೇ ಕ್ಲಾಸು.

"ಟೀಚರಿಗೆ ಎಂತ ಆದದ್ದು? ಮಾತೇ ಇಲ್ಲ!" ಎಂದಳು ಚಂಪಾ.

"ಶೀತ" ಎಂದೆ.

ಹಾಜರಿ ಕರೆದೆ. ಮಕ್ಕಳ ಹೆಸರು ಕರೆದರೆ ಅಪ್ಪ ಅಮ್ಮಂದಿರು ಎದ್ದು "ಬಂದಿದ್ದೇನೆ ಟೀಚರ್" ಅನ್ನಬೇಕು. ಸಮುದ್ರದ ನಡುವೆ ಗಾಳಿಗೆ ಹೆದರದ ಗಂಡಸರು ನಾಚಿಕೊಂಡು ಪಿಸುಗುಟ್ಟಿದರು. ಗುಣವತಿ ಕಿವಿಗೆ ಕೈ ಹಿಡಿದು, ಕೇಳಲಿಲ್ಲ ಎಂದು ಸನ್ನೆ ಮಾಡಿದಳು. ಎರಡನೇ ಸಲ ಜೋರಾಗಿ ಹೇಳಿದರು.

ಅವಳು ಕಿರುಬೆರಳು ಎತ್ತಿದಳು. ನಾನು ಹೇಳಿದೆ, "ಒಂದಕ್ಕೆ ಬಂದರೆ ಹೀಗೆ. ಮನೆಯಲ್ಲೂ ಇದನ್ನೇ ಅಭ್ಯಾಸ ಮಾಡಿಸಿ. ಮಗುವಿಗೆ ಬೆರಳು ಮರೆತರೆ ತುಳುವಿನಲ್ಲಿ ಹೇಳಲಿ, ಕೊಂಕಣಿಯಲ್ಲಿ ಹೇಳಲಿ, ಬ್ಯಾರಿಯಲ್ಲಿ ಹೇಳಲಿ, ಟೀಚರಿಗೆ ಅರ್ಥವಾಗ್ತದೆ. ಚಡ್ಡಿ ಒದ್ದೆಯಾದರೆ ಬೈಯಬೇಡಿ, ಚೀಲದಲ್ಲಿ ಇನ್ನೊಂದು ಇಟ್ಟಿರಿ." ಅವಳು ಎರಡೂ ಕೈ ಉಜ್ಜಿ ತೋರಿಸಿದಳು. "ಊಟಕ್ಕೆ ಮೊದಲು ಕೈ ತೊಳೆಯುವ ಸಾಲು. ತಳ್ಳುವ ಹಾಗಿಲ್ಲ!" ಎಲ್ಲರನ್ನೂ ಎಬ್ಬಿಸಿ ನಳ್ಳಿಯವರೆಗೆ ಸಾಲಿನಲ್ಲಿ ನಡೆಸಿದೆ. ಒಬ್ಬ ತಳ್ಳಿದ. ಅವನನ್ನು ಹಿಂದಕ್ಕೆ ಕಳಿಸಿದೆವು.

ಆಮೇಲೆ ಅವಳು ನನ್ನ ಕಿವಿಯ ಹತ್ತಿರ ಬಂದಳು. ಮುಖ್ಯವಾದದ್ದು ಎಂದು ನನಗೆ ಗೊತ್ತಾಯಿತು. ಉಸಿರಿನಲ್ಲಿ ಹೇಳಿದ್ದನ್ನು ನಾನು ದೊಡ್ಡ ಸ್ವರದಲ್ಲಿ ಹೇಳಿದೆ. "ಬೆಳಗ್ಗೆ ಬಿಟ್ಟು ಹೋಗುವಾಗ ಕಣ್ಣು ತಪ್ಪಿಸಿ ಓಡಬೇಡಿ. ಅಲ್ಲಿ ಕಾಗೆ ನೋಡು ಅಂತ ಹೇಳಿ ಹಿಂದಿನಿಂದ ಮಾಯವಾಗಬೇಡಿ. ನಾನು ಈಗ ಹೋಗ್ತೇನೆ, ಸಂಜೆ ಬರ್ತೇನೆ ಅಂತ ಹೇಳಿಯೇ ಹೋಗಿ. ಅಳ್ತದೆ, ಅಳಲಿ. ಟೀಚರ್ ಇದ್ದಾರೆ."

ಹೆಂಗಸರು ತಲೆಯಾಡಿಸಿದರು. ಅಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ನನಗೂ ಒಂದು ಥರ ಖುಷಿಯಾಗಿತ್ತು. ಇಷ್ಟು ವರ್ಷ ಇವಳು ಇಲ್ಲಿ ಎಂತ ಮಾಡುತ್ತಾಳೆ ಎಂದು ಅವತ್ತೇ ನೋಡಿದ್ದು. ಆದರೆ ಅಷ್ಟಕ್ಕೇ ನನ್ನ ಕಾಲು ಸೋತು ಹೋಗಿತ್ತು. ಬಸ್ಸಿನಲ್ಲಿ ದಿನವಿಡೀ ನಿಂತು ಅಭ್ಯಾಸ ಇರುವವನು ನಾನು. ಇವಳು ಇದನ್ನು ಪ್ರತಿದಿನ ಮಾಡಿದ್ದಾಳೆ.

ಆಗ ಅಲೆಕ್ಸಾಂಡರ್ ಮಾಷ್ಟ್ರು ಎದ್ದು ನಿಂತರು. "ನಾಳೆಯಿಂದ ಗುಣವತಿ ಟೀಚರ್ ರಜೆಯಲ್ಲಿರ್ತಾರೆ. ಒಂದನೇ ಕ್ಲಾಸನ್ನು ಚೈತನ್ಯಾ ಟೀಚರ್ ನೋಡಿಕೊಳ್ತಾರೆ."

ಕೋಣೆ ಗದ್ದಲವಾಯಿತು. ಚಂಪಾ ಬೆಂಚಿನಿಂದ ಎದ್ದೇ ಬಿಟ್ಟಳು. "ಅದು ಹೇಗೆ ಆಗ್ತದೆ ಮಾಷ್ಟ್ರೇ? ನಾವು ಇಂಗ್ಲಿಷ್ ಮೀಡಿಯಮ್ಮಿನ ಬಸ್ಸು ಬಾಗಿಲಿಗೆ ಬಂದರೂ ಬೇಡ ಅಂತ ಹೇಳಿ ಇಲ್ಲಿಗೆ ಹಾಕಿದ್ದು ಯಾರ ಮುಖ ನೋಡಿ? ಟೀಚರ್ ಇದ್ದಾರೆ ಅಂತ ಅಲ್ವಾ? ಈ ಹುಡುಗಿ ಟೀಚರ್ ಬಗ್ಗೆ ನಾನು ಎಂತ ಹೇಳುದಿಲ್ಲ, ಆದರೆ ನಮ್ಮ ಮಕ್ಕಳು ಗುಣವತಿ ಟೀಚರ ಕೈಯಲ್ಲೇ ಶುರು ಮಾಡಬೇಕು."

"ಹೌದು, ಶೀತ ಒಂದು ವಾರದಲ್ಲಿ ಹೋಗ್ತದೆ" ಎಂದ ರೂಪೇಶ್.

"ಟೀಚರ್ ಇಲ್ಲ ಅಂದರೆ ನಾವು ಟಿಸಿ ತೆಗೆದುಕೊಂಡು ಹೋಗುವುದೇ" ಎಂದು ಹಿಂದಿನಿಂದ ಇನ್ನೊಬ್ಬರು. ಒಬ್ಬರು ಹೇಳಿದ್ದಕ್ಕೆ ಹತ್ತು ಜನ ಹೌದು ಹೌದು ಎಂದರು. ಚೈತನ್ಯಾ ಟೀಚರು ಗೋಡೆಗೆ ಆತುಕೊಂಡು ನಿಂತಿದ್ದರು, ಕಣ್ಣಲ್ಲಿ ನೀರು ತುಂಬಿತ್ತು.

ನಾನು ಗುಣವತಿಯ ಮುಖ ನೋಡಿದೆ. ಅವಳ ಮುಖ ಅರಳಿತ್ತು! ಆರು ತಿಂಗಳಿಂದ ಅವಳನ್ನು ಹಾಗೆ ನಾನು ನೋಡಿರಲಿಲ್ಲ. ಅವಳು ನನ್ನ ಕಿವಿಗೆ ಬಾಯಿ ಇಟ್ಟು ಹೇಳಿದಳು, "ನಾಳೆಯೂ ನಾನೇ ಬರ್ತೇನೆ ಅಂತ ಹೇಳಿ. ರಜೆ ಬೇಡ. ಮಕ್ಕಳಿಗೆ ಅಭ್ಯಾಸ ಆಗುವವರೆಗೆ ನಾನೇ ಇರ್ತೇನೆ."

ಆ ಮಾತಿನ ಒಳಗೆ ಸ್ವರವೇ ಇರಲಿಲ್ಲ. ಚಕ್ರದಿಂದ ಗಾಳಿ ಹೋದ ಹಾಗೆ ಬರೀ ಉಸಿರು. ದೇವರ ದೀಪದ ಎದುರು ತಲೆಯಾಡಿಸಿದವಳು ಇವಳೇ ತಾನೆ ಎಂದು ನನಗೆ ಉರಿದುಹೋಯಿತು. ಕೋಪವೂ ಬಂತು, ಹೆದರಿಕೆಯೂ ಆಯಿತು. ಯಾವುದು ಹೆಚ್ಚು ಎಂದು ಈಗ ಕೇಳಿದರೆ ಹೆದರಿಕೆ ಎಂದೇ ಹೇಳುತ್ತೇನೆ. ಗಂಟಿನ ವಿಷಯ ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಇವರು ಅಯ್ಯೋ ಪಾಪ ಅನ್ನುತ್ತಾರೆ, ನಾಲ್ಕು ದಿನ ರೆಸ್ಟ್ ತೆಗೆದುಕೊಂಡು ಬನ್ನಿ ಟೀಚರೇ ಅನ್ನುತ್ತಾರೆ, ಐದನೇ ದಿನ ಇವಳು ಬಂದೇ ಬರುತ್ತಾಳೆ. ಬೇರು ಸಮೇತ ಕಡಿಯದಿದ್ದರೆ ಇದು ಮುಗಿಯುವುದಿಲ್ಲ ಅನ್ನಿಸಿತು.

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಬಾಯಿ ಬಿಟ್ಟೆ.

"ಟೀಚರ್ ಹೇಳ್ತಾರೆ," ಎಂದೆ, "ನನಗೆ ಸಾಕಾಗಿದೆ. ಇಷ್ಟು ವರ್ಷ ನಿಮ್ಮ ಮಕ್ಕಳ ಮೂಗು ಒರೆಸಿ, ಅಳು ಕೇಳಿ ಸಾಕಾಗಿದೆ. ಇನ್ನು ಒಂದನೇ ಕ್ಲಾಸು ನನ್ನಿಂದ ಆಗುದಿಲ್ಲ. ನನಗೆ ಬೇಡ. ಚೈತನ್ಯಾ ಟೀಚರ್ ಇದ್ದಾರೆ, ಅವರ ಹತ್ತಿರ ಕಲಿಯಿರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಬಸ್ಸಿನಲ್ಲಿ ತಪ್ಪು ಟಿಕೆಟ್ ಕೊಟ್ಟರೆ ವಾಪಸ್ ತೆಗೆದುಕೊಳ್ಳಬಹುದು. ಅದನ್ನು ಹೇಗೆ ತೆಗೆದುಕೊಳ್ಳುವುದು? ಅಲೆಕ್ಸಾಂಡರ್ ಮಾಷ್ಟ್ರು ನನ್ನನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದರು.

ಚಂಪಾ ಮೆಲ್ಲ ಕುಳಿತುಕೊಂಡಳು. "ಸಾಕಾಯಿತಾ ಟೀಚರೇ?" ಎಂದಳು. ಮಾರ್ಕೆಟ್ಟಿನ ಆ ಸ್ವರ ಅಲ್ಲವೇ ಅಲ್ಲ. "ಎಲ್ಲರನ್ನೂ ನೋಡಿದಿರಿ. ನಮ್ಮ ಮಗು ಬರುವಾಗ ಸಾಕಾಯಿತಾ?"

ಗುಣವತಿ ನನ್ನನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಹೋದಳು. ಡಾಕ್ಟರು ಹೇಳಿದ್ದೆಲ್ಲ ಮರೆತು, ಕುತ್ತಿಗೆಯ ನರ ಉಬ್ಬುವ ಹಾಗೆ ಬಾಯಿ ತೆರೆದಳು. ಏನೂ ಬರಲಿಲ್ಲ. ಗೊರ್ ಎಂದು ಒಂದು ಶಬ್ದ, ಮತ್ತೆ ಗಾಳಿ. ಇನ್ನೊಮ್ಮೆ ತೆರೆದಳು. ಅದೂ ಬರಲಿಲ್ಲ. ಬೆಂಚಿನಲ್ಲಿದ್ದವರು ಅವಳು ಅಳುತ್ತಿದ್ದಾಳೆ ಎಂದುಕೊಂಡರು. ಅವಳು ಅಳುತ್ತಿರಲಿಲ್ಲ, ನನಗೆ ಗೊತ್ತು.

ಅವಳು ತಿರುಗಿ ಮೇಜಿನ ಮೇಲಿನ ಚಾಕ್ ಪೀಸ್ ಎತ್ತಿಕೊಂಡಳು. ಬೋರ್ಡಿನ ಎದುರು ಹೋದಳು. ಬರೆದುಬಿಡುತ್ತಾಳೆ, ನನ್ನ ಮಾನ ಹೋಯಿತು ಎಂದು ನಾನು ಅಲ್ಲೇ ನೀರಾದೆ. ಕೈ ಎತ್ತಿದವಳ ಕಣ್ಣು ಬೋರ್ಡಿನ ಪಕ್ಕ ನಿಂತಿದ್ದ ಚೈತನ್ಯಾಳ ಮೇಲೆ ಬಿತ್ತು. ಆ ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಗಷ್ಟೇ ಊರವರು ಎಲ್ಲರೆದುರು ಬೇಡ ಎಂದಿದ್ದರು, ಈಗ ಗುಣವತಿಯೂ ಬರೆದು ಬೇಡ ಎಂದರೆ ನಾಳೆ ಆ ಹುಡುಗಿ ಈ ಮಕ್ಕಳ ಎದುರು ಹೇಗೆ ನಿಲ್ಲುವುದು? ಗುಣವತಿ ಸ್ವಲ್ಪ ಹೊತ್ತು ಹಾಗೆಯೇ ಕೈ ಎತ್ತಿಕೊಂಡು ನಿಂತಳು. ಆಮೇಲೆ ಚಾಕ್ ಪೀಸನ್ನು ಚೈತನ್ಯಾಳ ಕೈಯಲ್ಲಿಟ್ಟು, ಬೆರಳುಗಳನ್ನು ಮುಚ್ಚಿಸಿ, ಹೋಗಿ ಮೂಲೆಯ ಬೆಂಚಿನಲ್ಲಿ ಕುಳಿತಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇರೆ ವರ್ಷಗಳಲ್ಲಿ ಸ್ವಾಗತದ ದಿನ ಮುಗಿದ ಮೇಲೂ ಜನ ಅವಳನ್ನು ಬಿಡುತ್ತಿರಲಿಲ್ಲವಂತೆ. ಅವತ್ತು ಒಬ್ಬೊಬ್ಬರೇ ಎದ್ದು, ಚಪ್ಪಲಿ ಹಾಕಿಕೊಂಡು, ಬಕೇಟಿನಿಂದ ಕೊಡೆ ತೆಗೆದುಕೊಂಡು ಹೋದರು. ಚಂಪಾ ಧೃತಿಯನ್ನು ಕಂಕುಳಿಗೆ ಹಾಕಿಕೊಂಡು ತಿರುಗಿ ನೋಡದೆ ಹೋದಳು.

ಕಾಪುವಿನವರೆಗೆ ಬಸ್ಸಿನಲ್ಲಿ ಗುಣವತಿ ಕಿಟಕಿಯ ಬದಿಗೆ ಕುಳಿತಿದ್ದಳು. "ದಮ್ಮಯ್ಯ, ಹಾಗೆ ನೋಡಬೇಡ. ನಿನ್ನ ಒಳ್ಳೆಯದಕ್ಕೇ ಹೇಳಿದ್ದು" ಎಂದೆ. ಅವಳು ನೋಡುತ್ತಲೇ ಇರಲಿಲ್ಲ, ಮುಖ ಹೊರಗಿತ್ತು.

ಅವತ್ತಿನಿಂದ ಅವಳು ಬಾಯಿ ಬಿಡಲಿಲ್ಲ. ಪಿಸುಮಾತೂ ಇಲ್ಲ, ನನ್ನ ಕಡೆಗೆ ಒಂದು ಸನ್ನೆಯೂ ಇಲ್ಲ. ಡಾಕ್ಟರು ಹೇಳಿದ್ದಕ್ಕೆ ಸುಮ್ಮನಿದ್ದಾಳೋ, ನನ್ನ ಮೇಲಿನ ಸಿಟ್ಟಿಗೆ ಸುಮ್ಮನಿದ್ದಾಳೋ ಹೇಗೆ ತಿಳಿಯುವುದು? ಕೇಳಿದರೂ ಉತ್ತರ ಬರುವ ಹಾಗಿಲ್ಲವಲ್ಲ. ಅನ್ನ ಬಡಿಸಿ ಪಾತ್ರೆ ನನ್ನ ಕಡೆಗೆ ದೂಡುತ್ತಿದ್ದಳು. ಮನೆಯಲ್ಲಿ ನನ್ನ ಸ್ವರ ನನಗೇ ಹೇಸಿಗೆಯಾಗಿ ನಾನೂ ಮಾತು ಕಡಿಮೆ ಮಾಡಿದೆ.

ಶಾಲೆಯಿಂದ ಯಾರೂ ಮಗುವನ್ನು ಬಿಡಿಸಿಕೊಂಡು ಹೋಗಲಿಲ್ಲ. ಚೈತನ್ಯಾ ಟೀಚರು ಮೊದಲ ವಾರ ದಿನಾ ಅತ್ತರಂತೆ, ಆಮೇಲೆ ಸುಧಾರಿಸಿದರಂತೆ. ಅಲೆಕ್ಸಾಂಡರ್ ಮಾಷ್ಟ್ರು ಫೋನಿನಲ್ಲಿ ಹೇಳಿದರು. ಹಾಗಾದರೆ ನಾನು ಮಾಡಿದ್ದರಲ್ಲಿ ತಪ್ಪೆಂತ ಉಂಟು, ನೀವೇ ಹೇಳಿ. ಗಂಟಲು ಉಳಿಯಬೇಕಿತ್ತು, ಉಳಿಯಿತು.

ಆದರೆ ಒಂದು ಭಾನುವಾರ ನಾವಿಬ್ಬರೂ ಮಾರ್ಕೆಟ್ಟಿಗೆ ಹೋಗಿದ್ದೆವು. ಮೊದಲಾದರೆ ಚಂಪಾ ದೂರದಿಂದಲೇ "ಟೀಚರೇ, ಬನ್ನಿ, ಒಳ್ಳೆ ಬೂತಾಯಿ ಉಂಟು!" ಎಂದು ಕರೆದು, ತೂಗಿದ ಮೇಲೆ ಎರಡು ಹಿಡಿ ಹೆಚ್ಚು ಹಾಕುತ್ತಿದ್ದಳು. ಆ ದಿನ ಕರೆಯಲಿಲ್ಲ. ನಾವೇ ಹೋಗಿ ನಿಂತೆವು. ಗುಣವತಿ ನಗುವುದಕ್ಕೆ ನೋಡಿದಳು. ಚಂಪಾ ತಲೆ ಬಗ್ಗಿಸಿಕೊಂಡು ಮೀನು ತೂಗಿ, ಕಟ್ಟಿ, ನನ್ನ ಕೈಗೆ ಕೊಟ್ಟು, ಮುಂದಿನ ಗಿರಾಕಿಯ ಕಡೆಗೆ ತಿರುಗಿದಳು. ಮನೆಗೆ ಬಂದು ಗುಣವತಿ ಆ ಮೀನು ಕೊಯ್ಯಲಿಲ್ಲ. ಬಾವಿಕಟ್ಟೆಯಲ್ಲಿ ನಾನೇ ಕೊಯ್ದೆ. ನನಗೆ ಸಂಕಟವಾಯಿತು ಎಂದು ಹೇಳಲು ನಾಚಿಕೆ ಎಂತಕ್ಕೆ, ಅತ್ತೇ ಬಿಟ್ಟೆ.

ಆರು ವಾರ ಕಳೆದು ಮಣಿಪಾಲಕ್ಕೆ ಹೋದೆವು. ಡಾಕ್ಟರು ಮತ್ತೆ ನಳಿಗೆ ಇಳಿಸಿ ನೋಡಿದರು. ಗಂಟುಗಳು ಇಳಿದಿದ್ದವು, ಒಂದು ಕಾಣುತ್ತಲೇ ಇರಲಿಲ್ಲ. "ಇಷ್ಟು ಸರಿಯಾಗಿ ಮೌನ ಮಾಡಿದ ಪೇಷೆಂಟನ್ನು ನಾನು ನೋಡಿಯೇ ಇಲ್ಲ" ಎಂದು ನನ್ನ ಕಡೆಗೆ ನೋಡಿ ನಕ್ಕರು. "ನಿಮ್ಮ ಸಪೋರ್ಟ್ ಒಳ್ಳೆಯದುಂಟು." ನಾನು ನೆಲ ನೋಡಿದೆ.

"ಈಗ ಮಾತಾಡಿ ಟೀಚರೇ," ಎಂದರು ಡಾಕ್ಟರು. "ಕೂಗಬೇಡಿ, ಸಾವಧಾನದಲ್ಲಿ. ಎಂತ ಬೇಕಾದರೂ ಹೇಳಿ, ಒಂದು ವಾಕ್ಯ."

ಗುಣವತಿ ಡಾಕ್ಟರ ಕಡೆಗೆ ನೋಡಲಿಲ್ಲ. ಕುರ್ಚಿಯಲ್ಲಿ ನನ್ನ ಕಡೆಗೆ ತಿರುಗಿದಳು.

"ನಾನು ಹಾಗೆ ಹೇಳಿದ್ದಲ್ಲ" ಎಂದಳು.

ಎಲ್ಲೂರಿನ ಜಗಲಿಯಲ್ಲಿ ಕೇಳಿದ ಸ್ವರ. ಒಂದು ಒಡಕಿಲ್ಲ.

ಡಾಕ್ಟರು ಕೈ ತಟ್ಟಿದರು. "ವೆರಿ ಗುಡ್! ಎಷ್ಟು ಕ್ಲಿಯರ್ ಉಂಟು! ಇನ್ನೊಮ್ಮೆ ಹೇಳಿ, ನೋಡುವ."

ನನ್ನ ಮುಖ ನೋಡಿಕೊಂಡೇ ಅವಳು ಇನ್ನೊಮ್ಮೆ ಹೇಳಿದಳು.